ಆಪರೇಷನಲ್ ಆಂಪ್ಲಿಫೈಯರ್‌ಗಳ ಔಟ್‌ಪುಟ್ ಸಿಂಕ್ ಪ್ರವಾಹದ ಮಿತಿ

ಔಟ್‌ಪುಟ್ ಸಿಂಕ್ ಪ್ರವಾಹದ ಮಿತಿ ಎಂದರೆ ಆಪರೇಷನಲ್ ಆಂಪ್ಲಿಫೈಯರ್ ಒಂದು ತನ್ನ ಔಟ್‌ಪುಟ್ ತುದಿಯ ಮೂಲಕ ಹೊರಗಿನ ವಿದ್ಯುನ್ಮಂಡಲದಿಂದ ಒಳಕ್ಕೆ ಸೆಳೆದುಕೊಂಡು, ತನ್ನ ಋಣ ಪೂರೈಕೆ ತುದಿಗೆ ಹರಿಸಬಲ್ಲ ಗರಿಷ್ಠ ವಿದ್ಯುತ್ ಪ್ರವಾಹ. ಆಪರೇಷನಲ್ ಆಂಪ್ಲಿಫೈಯರನ್ನು ಸಂಕ್ಷೇಪವಾಗಿ ಆಪ್-ಆಂಪ್ ಎಂದು ಕರೆಯುವುದು ರೂಢಿ. ಪಠ್ಯಪುಸ್ತಕಗಳಲ್ಲಿ ವಿವರಿಸುವ ಆದರ್ಶ ಆಪ್-ಆಂಪ್‌ಗೆ ಇಂತಹ ಮಿತಿ ಇಲ್ಲ. ಅದರ ಔಟ್‌ಪುಟ್ ರೋಧವು ಶೂನ್ಯ, ಅದು ಎಷ್ಟು ಪ್ರವಾಹವನ್ನಾದರೂ ನೀಡಬಲ್ಲದು, ಎಷ್ಟನ್ನಾದರೂ ಸೆಳೆಯಬಲ್ಲದು. ವಾಸ್ತವದ ಆಪ್-ಆಂಪ್‌ಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಕೆಲವು ಮಿಲಿಆಂಪಿಯರ್‌ಗಳಿಂದ ಕೆಲವು ಹತ್ತು ಮಿಲಿಆಂಪಿಯರ್‌ಗಳವರೆಗೆ ಇರುತ್ತದೆ.

ಈ ಮಿತಿಯು ಒಂದೇ ಸ್ಥಿರ ಸಂಖ್ಯೆಯಲ್ಲ. ಔಟ್‌ಪುಟ್ ತುದಿಯ ವೋಲ್ಟೇಜು ಋಣ ಪೂರೈಕೆಗೆ ಎಷ್ಟು ಹತ್ತಿರವಿದೆ, ಪೂರೈಕೆಯ ವೋಲ್ಟೇಜ್ ಎಷ್ಟು, ಬಿಲ್ಲೆಯ ಉಷ್ಣತೆ ಎಷ್ಟು ಎಂಬುದನ್ನು ಅವಲಂಬಿಸಿ ಅದು ಬದಲಾಗುತ್ತದೆ. ಒಂದೇ ಬಿಡಿಭಾಗವು 2 ವೋಲ್ಟ್ ಔಟ್‌ಪುಟ್‌ನಲ್ಲಿ 20 ಮಿಲಿಆಂಪಿಯರ್ ಸೆಳೆಯಬಲ್ಲದಾಗಿದ್ದು, 0.2 ವೋಲ್ಟ್ ಔಟ್‌ಪುಟ್‌ನಲ್ಲಿ ಅದರ ನಾನೂರನೆಯ ಒಂದು ಭಾಗವನ್ನು ಮಾತ್ರ ಸೆಳೆಯುವ ಪ್ರಸಂಗವೂ ಇದೆ. ಆದ್ದರಿಂದ ಡೇಟಾಶೀಟಿನ ಮೊದಲ ಪುಟದಲ್ಲಿ ಕಾಣುವ ದೊಡ್ಡ ಸಂಖ್ಯೆಯನ್ನು ಮಾತ್ರ ನಂಬಿ ರಚಿಸಿದ ಮಂಡಲಗಳು ಶೂನ್ಯ ವೋಲ್ಟ್‌ನ ಸಮೀಪದಲ್ಲಿ ವಿಫಲವಾಗುವುದು ಸಾಮಾನ್ಯ.

## ಸಿಂಕ್ ಮತ್ತು ಸೋರ್ಸ್

ಆಪ್-ಆಂಪ್‌ನ ಔಟ್‌ಪುಟ್ ತುದಿಯಲ್ಲಿ ಪ್ರವಾಹವು ಎರಡು ದಿಕ್ಕುಗಳಲ್ಲಿ ಹರಿಯಬಹುದು. ಧನ ಪೂರೈಕೆಯಿಂದ ಹೊರಟು, ಆಪ್-ಆಂಪ್‌ನ ಒಳಗಿನಿಂದ ಹೊರಗಿನ ಲೋಡಿಗೆ ಹರಿದರೆ ಅದನ್ನು ಸೋರ್ಸ್ ಪ್ರವಾಹ ಎನ್ನುತ್ತಾರೆ. ಹೊರಗಿನ ಲೋಡಿನಿಂದ ಔಟ್‌ಪುಟ್ ತುದಿಯ ಮೂಲಕ ಒಳಗೆ ಬಂದು ಋಣ ಪೂರೈಕೆಗೆ ಅಥವಾ ಭೂತಂತಿಗೆ ಹರಿದರೆ ಅದು ಸಿಂಕ್ ಪ್ರವಾಹ.

ಯಾವ ದಿಕ್ಕಿನ ಪ್ರವಾಹ ಬೇಕೆಂಬುದನ್ನು ನಿರ್ಧರಿಸುವುದು ಲೋಡಿನ ಜೋಡಣೆಯೇ ಹೊರತು ಆಪ್-ಆಂಪ್ ಅಲ್ಲ. ಲೋಡಿನ ಇನ್ನೊಂದು ತುದಿ ಭೂತಂತಿಗೆ ಸೇರಿದ್ದು ಔಟ್‌ಪುಟ್ ಧನ ವೋಲ್ಟೇಜಿನಲ್ಲಿದ್ದರೆ ಆಪ್-ಆಂಪ್ ಪ್ರವಾಹವನ್ನು ನೀಡಬೇಕು. ಲೋಡಿನ ಇನ್ನೊಂದು ತುದಿ ಧನ ಪೂರೈಕೆಗೆ ಸೇರಿದ್ದರೆ ಪ್ರವಾಹವನ್ನು ಸೆಳೆಯಬೇಕು. ಧನ ಮತ್ತು ಋಣ ಎರಡೂ ಪೂರೈಕೆಗಳಿರುವ ಮಂಡಲದಲ್ಲಿ ಭೂತಂತಿಗೆ ಸೇರಿದ ಲೋಡಿಗೆ ಪರ್ಯಾಯ ಸಂಕೇತವನ್ನು ನೀಡುವಾಗ, ಅಲೆಯ ಧನ ಅರ್ಧದಲ್ಲಿ ಸೋರ್ಸ್ ಪ್ರವಾಹವೂ ಋಣ ಅರ್ಧದಲ್ಲಿ ಸಿಂಕ್ ಪ್ರವಾಹವೂ ಹರಿಯುತ್ತವೆ.

ಡೇಟಾಶೀಟುಗಳಲ್ಲಿ ದಿಕ್ಕನ್ನು ಸೂಚಿಸಲು ಕೆಲವು ತಯಾರಕರು ಧನ ಮತ್ತು ಋಣ ಚಿಹ್ನೆಗಳನ್ನು ಬಳಸುತ್ತಾರೆ. ಬಿಡಿಭಾಗದ ಒಳಕ್ಕೆ ಹರಿಯುವುದನ್ನು ಧನವೆಂದು ಎಣಿಸುವವರೂ ಉಂಟು, ಹೊರಕ್ಕೆ ಹರಿಯುವುದನ್ನು ಧನವೆಂದು ಎಣಿಸುವವರೂ ಉಂಟು. ಆದ್ದರಿಂದ ಚಿಹ್ನೆಗಿಂತ ಆ ಸಾಲಿನಲ್ಲಿರುವ ಸಿಂಕ್ ಅಥವಾ ಸೋರ್ಸ್ ಎಂಬ ಪದವನ್ನು ಗಮನಿಸುವುದು ಸುರಕ್ಷಿತ.

## ಇತಿಹಾಸ

ಆಪರೇಷನಲ್ ಆಂಪ್ಲಿಫೈಯರ್ ಎಂಬ ಹೆಸರು ಜಾನ್ ರಗಜ್ಜಿನಿ ಮತ್ತು ಸಂಗಡಿಗರು 1947ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಪ್ರಚಾರಕ್ಕೆ ಬಂದಿತು. ಆರಂಭದ ಆಪ್-ಆಂಪ್‌ಗಳು ನಿರ್ವಾತ ಕೊಳವೆಗಳಿಂದ ರಚಿತವಾಗಿದ್ದು, ಅನಲಾಗ್ ಗಣಕಯಂತ್ರಗಳಲ್ಲಿ ಬಳಕೆಯಾಗುತ್ತಿದ್ದವು.

ಏಕೀಕೃತ ಮಂಡಲಗಳ ಕಾಲದಲ್ಲಿ ಔಟ್‌ಪುಟ್ ಪ್ರವಾಹದ ಮಿತಿಯು ಪ್ರತ್ಯೇಕ ವಿನ್ಯಾಸ ಪ್ರಶ್ನೆಯಾಯಿತು. ಬಾಬ್ ವಿಡ್ಲರ್ ಫೇರ್‌ಚೈಲ್ಡ್ ಸಂಸ್ಥೆಯಲ್ಲಿ ವಿನ್ಯಾಸಗೊಳಿಸಿದ 709 ಆಪ್-ಆಂಪ್ 1965ರಲ್ಲಿ ಹೊರಬಂದಿತು. ಅದರಲ್ಲಿ ಔಟ್‌ಪುಟ್ ಶಾರ್ಟ್ ಸರ್ಕ್ಯೂಟ್‌ನಿಂದ ರಕ್ಷಿಸುವ ವ್ಯವಸ್ಥೆ ಇರಲಿಲ್ಲ. ಔಟ್‌ಪುಟ್ ತುದಿ ಆಕಸ್ಮಿಕವಾಗಿ ಭೂತಂತಿಗೆ ತಗುಲಿದರೆ ಬಿಡಿಭಾಗವು ನಾಶವಾಗುವ ಸಂಭವವಿತ್ತು. ವಿಡ್ಲರ್ ನಂತರ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯಲ್ಲಿ ರೂಪಿಸಿದ ಎಲ್‌ಎಂ101ರಲ್ಲಿ, ಹಾಗೂ ಡೇವ್ ಫುಲಗರ್ 1968ರಲ್ಲಿ ಫೇರ್‌ಚೈಲ್ಡ್‌ನಲ್ಲಿ ರೂಪಿಸಿದ 741ರಲ್ಲಿ ಪ್ರವಾಹವನ್ನು ತಡೆಹಿಡಿಯುವ ಮಂಡಲವನ್ನು ಬಿಲ್ಲೆಯ ಒಳಗೇ ಅಳವಡಿಸಲಾಯಿತು. 741 ಇಂದಿಗೂ ಕಾಲೇಜು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

1970ರ ದಶಕದಲ್ಲಿ ಒಂದೇ ಪೂರೈಕೆಯಿಂದ, ಅಂದರೆ 5 ವೋಲ್ಟ್‌ನ ಡಿಜಿಟಲ್ ಪೂರೈಕೆಯಿಂದಲೋ ವಾಹನದ ಬ್ಯಾಟರಿಯಿಂದಲೋ, ಕೆಲಸ ಮಾಡುವ ಎಲ್‌ಎಂ324 ಮತ್ತು ಎಲ್‌ಎಂ358 ಪ್ರಚಾರಕ್ಕೆ ಬಂದವು. ಔಟ್‌ಪುಟ್ ಭೂತಂತಿಯ ಮಟ್ಟದವರೆಗೆ ಇಳಿಯಬೇಕೆಂಬ ಅಗತ್ಯ ಉಂಟಾದದ್ದು ಇಂತಹ ಬಳಕೆಯಿಂದಲೇ. ಸಿಂಕ್ ಪ್ರವಾಹದ ಮಿತಿಯು ಬಳಕೆದಾರರ ಗಮನಕ್ಕೆ ಹೆಚ್ಚಾಗಿ ಬರುವುದೂ ಅಲ್ಲಿಯೇ.

## ಔಟ್‌ಪುಟ್ ಹಂತದ ರಚನೆ

### ಬೈಪೋಲಾರ್ ಆಪ್-ಆಂಪ್‌ಗಳು

741ರಂತಹ ಬೈಪೋಲಾರ್ ಆಪ್-ಆಂಪ್‌ನ ಔಟ್‌ಪುಟ್ ಹಂತದಲ್ಲಿ ಎರಡು ಟ್ರಾನ್ಸಿಸ್ಟರ್‌ಗಳು ಒಂದರ ಮೇಲೊಂದರಂತೆ ಜೋಡಣೆಗೊಂಡಿರುತ್ತವೆ. ಮೇಲಿನದು ಎನ್‌ಪಿಎನ್, ಕೆಳಗಿನದು ಪಿಎನ್‌ಪಿ. ಎರಡರ ಎಮಿಟರ್‌ಗಳೂ ಔಟ್‌ಪುಟ್ ತುದಿಯಲ್ಲಿ ಕೂಡುತ್ತವೆ. ಮೇಲಿನ ಟ್ರಾನ್ಸಿಸ್ಟರ್ ಪ್ರವಾಹವನ್ನು ನೀಡುತ್ತದೆ, ಕೆಳಗಿನದು ಸೆಳೆಯುತ್ತದೆ.

ಈ ಎರಡು ಟ್ರಾನ್ಸಿಸ್ಟರ್‌ಗಳು ಸಮಬಲದವಲ್ಲ. ಹಳೆಯ ಬೈಪೋಲಾರ್ ತಯಾರಿಕಾ ವಿಧಾನವು ಎನ್‌ಪಿಎನ್ ಟ್ರಾನ್ಸಿಸ್ಟರ್‌ಗೆ ಹೊಂದಿಕೊಂಡದ್ದು. ಪಿಎನ್‌ಪಿಯನ್ನು ಅದೇ ಪದರಗಳಿಂದ ಹೇಗೋ ಹೊಂದಿಸಿಕೊಳ್ಳಬೇಕಾಗುತ್ತದೆ. ಔಟ್‌ಪುಟ್‌ನ ಪಿಎನ್‌ಪಿಗೆ ಸಾಮಾನ್ಯವಾಗಿ ಬಿಲ್ಲೆಯ ತಳಪದರವನ್ನೇ ಕಲೆಕ್ಟರ್ ಆಗಿ ಬಳಸುತ್ತಾರೆ. ತಳಪದರವು ಸದಾ ಋಣ ಪೂರೈಕೆಗೆ ಸೇರಿರುವುದರಿಂದ ಈ ಏರ್ಪಾಡು ಸಿಂಕ್ ಟ್ರಾನ್ಸಿಸ್ಟರ್‌ಗೆ ಅನುಕೂಲವೇ ಹೌದು. ಆದರೆ ಅದರ ಪ್ರವಾಹ ವರ್ಧನೆಯು ಎನ್‌ಪಿಎನ್‌ಗಿಂತ ಕಡಿಮೆ, ಮತ್ತು ಪ್ರವಾಹ ಹೆಚ್ಚಿದಂತೆ ಇನ್ನಷ್ಟು ಕುಸಿಯುತ್ತದೆ. ಹೀಗಾಗಿ ಅನೇಕ ಬೈಪೋಲಾರ್ ಆಪ್-ಆಂಪ್‌ಗಳಲ್ಲಿ ಸಿಂಕ್ ಸಾಮರ್ಥ್ಯವು ಸೋರ್ಸ್ ಸಾಮರ್ಥ್ಯಕ್ಕಿಂತ ಕಡಿಮೆ ಇರುತ್ತದೆ.

ಇನ್ನೊಂದು ತೊಡಕು ವೋಲ್ಟೇಜಿಗೆ ಸಂಬಂಧಿಸಿದ್ದು. ಪಿಎನ್‌ಪಿ ಟ್ರಾನ್ಸಿಸ್ಟರ್ ಪ್ರವಾಹ ಹರಿಸಬೇಕಾದರೆ ಅದರ ಎಮಿಟರ್ ಬೇಸ್‌ಗಿಂತ ಸುಮಾರು 0.6ರಿಂದ 0.7 ವೋಲ್ಟ್ ಮೇಲಿರಬೇಕು. ಬೇಸ್ ಋಣ ಪೂರೈಕೆಯ ಮಟ್ಟಕ್ಕಿಂತ ಕೆಳಗೆ ಹೋಗಲಾರದು. ಆದ್ದರಿಂದ ಎಮಿಟರ್, ಅಂದರೆ ಔಟ್‌ಪುಟ್ ತುದಿ, ಋಣ ಪೂರೈಕೆಗಿಂತ ಸುಮಾರು 0.7 ವೋಲ್ಟ್ ಮೇಲೆಯೇ ನಿಂತುಬಿಡುತ್ತದೆ. ಅದಕ್ಕಿಂತ ಕೆಳಗೆ ಈ ಟ್ರಾನ್ಸಿಸ್ಟರ್‌ನಿಂದ ಸಿಂಕ್ ಪ್ರವಾಹ ದೊರೆಯುವುದಿಲ್ಲ.

### ಸಿಮಾಸ್ ಆಪ್-ಆಂಪ್‌ಗಳು

ರೈಲ್-ಟು-ರೈಲ್ ಎಂದು ಕರೆಯಲಾಗುವ ಸಿಮಾಸ್ ಆಪ್-ಆಂಪ್‌ಗಳಲ್ಲಿ ರಚನೆ ಬೇರೆ. ಇಲ್ಲಿ ಕೆಳಗಿನ ಎನ್-ಮಾಸ್ ಟ್ರಾನ್ಸಿಸ್ಟರ್‌ನ ಸೋರ್ಸ್ ತುದಿ ಋಣ ಪೂರೈಕೆಗೂ ಡ್ರೇನ್ ತುದಿ ಔಟ್‌ಪುಟ್‌ಗೂ ಸೇರಿರುತ್ತದೆ. ಗೇಟ್ ವೋಲ್ಟೇಜು ಔಟ್‌ಪುಟ್ ವೋಲ್ಟೇಜನ್ನು ಅವಲಂಬಿಸಿಲ್ಲದ ಕಾರಣ 0.7 ವೋಲ್ಟ್‌ನ ಮೆಟ್ಟಿಲು ಇಲ್ಲ. ಔಟ್‌ಪುಟ್ ಋಣ ಪೂರೈಕೆಯನ್ನು ಸಮೀಪಿಸಿದಾಗ ಟ್ರಾನ್ಸಿಸ್ಟರ್ ಒಂದು ಸಣ್ಣ ರೋಧಕದಂತೆ ವರ್ತಿಸುತ್ತದೆ. ಸಿಂಕ್ ಪ್ರವಾಹ ಹೆಚ್ಚಿದಂತೆ ಔಟ್‌ಪುಟ್ ಸ್ವಲ್ಪ ಸ್ವಲ್ಪವಾಗಿ ಮೇಲೇಳುತ್ತದೆ.

ಇಲ್ಲಿನ ಮಿತಿಯು ಪೂರೈಕೆಯ ವೋಲ್ಟೇಜನ್ನು ಬಲವಾಗಿ ಅವಲಂಬಿಸಿದೆ. ಪೂರೈಕೆ ಕಡಿಮೆಯಾದಷ್ಟೂ ಗೇಟ್‌ಗೆ ದೊರೆಯುವ ವೋಲ್ಟೇಜ್ ಕಡಿಮೆಯಾಗಿ, ಟ್ರಾನ್ಸಿಸ್ಟರ್ ದುರ್ಬಲವಾಗುತ್ತದೆ. ಉದಾಹರಣೆಗೆ ಮೈಕ್ರೋಚಿಪ್ ಸಂಸ್ಥೆಯ ಎಂಸಿಪಿ6001ರ ಶಾರ್ಟ್ ಸರ್ಕ್ಯೂಟ್ ಪ್ರವಾಹವು 5.5 ವೋಲ್ಟ್ ಪೂರೈಕೆಯಲ್ಲಿ ಎರಡೂ ದಿಕ್ಕಿಗೆ ಸುಮಾರು 23 ಮಿಲಿಆಂಪಿಯರ್ ಇದ್ದರೆ, 1.8 ವೋಲ್ಟ್ ಪೂರೈಕೆಯಲ್ಲಿ ಸುಮಾರು 6 ಮಿಲಿಆಂಪಿಯರ್ ಮಾತ್ರ.

## ಮಿತಿಗೆ ಕಾರಣಗಳು

ಸಿಂಕ್ ಪ್ರವಾಹವನ್ನು ಮಿತಿಗೊಳಿಸುವ ಕಾರಣಗಳನ್ನು ನಾಲ್ಕಾಗಿ ವಿಂಗಡಿಸಬಹುದು.

* ಬೇಸ್ ಪ್ರವಾಹದ ಕೊರತೆ: ಔಟ್‌ಪುಟ್ ಟ್ರಾನ್ಸಿಸ್ಟರ್‌ಗೆ ಹಿಂದಿನ ಹಂತವು ಒದಗಿಸಬಲ್ಲ ಬೇಸ್ ಪ್ರವಾಹಕ್ಕೆ ಎಲ್ಲೆಯಿದೆ. ಅದನ್ನು ಪ್ರವಾಹ ವರ್ಧನೆಯಿಂದ ಗುಣಿಸಿದರೆ ದೊರೆಯುವುದೇ ಸಿಂಕ್ ಪ್ರವಾಹದ ಸಹಜ ಗರಿಷ್ಠ.
* ಉದ್ದೇಶಪೂರ್ವಕ ತಡೆ: ಪ್ರವಾಹದ ಹಾದಿಯಲ್ಲಿ ಸಣ್ಣ ರೋಧಕವೊಂದನ್ನು ಇರಿಸಿ, ಅದರ ಎರಡು ತುದಿಗಳ ನಡುವೆ ಸುಮಾರು 0.65 ವೋಲ್ಟ್ ಉಂಟಾದಾಗ ರಕ್ಷಣಾ ಟ್ರಾನ್ಸಿಸ್ಟರ್ ಎಚ್ಚೆತ್ತು ಹಿಂದಿನ ಹಂತದ ಚಾಲನೆಯನ್ನು ಕಡಿಮೆ ಮಾಡುವಂತೆ ರಚಿಸಿರುತ್ತಾರೆ.
* ವೋಲ್ಟೇಜಿನ ಅಂತರದ ಕೊರತೆ: ಔಟ್‌ಪುಟ್ ಮತ್ತು ಋಣ ಪೂರೈಕೆಯ ನಡುವಿನ ಅಂತರ ಕಿರಿದಾದಾಗ ಟ್ರಾನ್ಸಿಸ್ಟರ್ ಕೆಲಸ ಮಾಡಲು ಅವಕಾಶವೇ ಉಳಿಯುವುದಿಲ್ಲ.
* ಉಷ್ಣತೆ: ಹೆಚ್ಚು ಪ್ರವಾಹವು ಬಿಲ್ಲೆಯನ್ನು ಕಾಯಿಸುತ್ತದೆ. ಉಷ್ಣತೆಯು ನಿಗದಿತ ಗರಿಷ್ಠವನ್ನು ಮೀರಬಾರದು.

ಎರಡನೆಯ ಕಾರಣಕ್ಕೆ ಒಂದು ಲೆಕ್ಕ ಕೊಡಬಹುದು. ತಡೆಯ ರೋಧಕವು 25 ಓಮ್ ಆಗಿದ್ದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಿತಿಯು 0.65 ÷ 25 = 0.026 ಆಂಪಿಯರ್, ಅಂದರೆ 26 ಮಿಲಿಆಂಪಿಯರ್. ಬೇಸ್-ಎಮಿಟರ್ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ಇಳಿಯುವುದರಿಂದ, 125 ಡಿಗ್ರಿಯಲ್ಲಿ ಅದು ಸುಮಾರು 0.45 ವೋಲ್ಟ್ ಆಗಿ, ಮಿತಿಯು 18 ಮಿಲಿಆಂಪಿಯರ್‌ಗೆ ತಗ್ಗುತ್ತದೆ. ಬಿಸಿಯಾದ ಬಿಲ್ಲೆ ತಾನಾಗಿಯೇ ಪ್ರವಾಹವನ್ನು ಕಡಿಮೆ ಮಾಡಿಕೊಳ್ಳುವುದು ರಕ್ಷಣೆಯ ದೃಷ್ಟಿಯಿಂದ ಒಳ್ಳೆಯದು. ಆದರೆ ಕೋಣೆಯ ಉಷ್ಣತೆಯಲ್ಲಿ ಅಳೆದ ಮಿತಿಯನ್ನೇ ಬಿಸಿ ವಾತಾವರಣದಲ್ಲಿಯೂ ನಿರೀಕ್ಷಿಸಲಾಗದು.

## ಎಲ್‌ಎಂ358: ಒಂದು ವಿವರವಾದ ಉದಾಹರಣೆ

ಸಿಂಕ್ ಪ್ರವಾಹದ ಮಿತಿಯನ್ನು ಅರಿಯಲು ಎಲ್‌ಎಂ358 ಉತ್ತಮ ಉದಾಹರಣೆ. ಇದು ಅಗ್ಗವಾದುದು, ಎಲ್ಲೆಡೆ ದೊರೆಯುವಂತಹುದು, ಮತ್ತು ವಿದ್ಯಾರ್ಥಿಗಳ ಯೋಜನೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವಂತಹುದು. ನಾಲ್ಕು ಆಪ್-ಆಂಪ್‌ಗಳನ್ನು ಒಳಗೊಂಡ ಎಲ್‌ಎಂ324ರ ಔಟ್‌ಪುಟ್ ಹಂತವೂ ಇದೇ ಬಗೆಯದು.

ಇದರ ಔಟ್‌ಪುಟ್‌ನಿಂದ ಪ್ರವಾಹವನ್ನು ಕೆಳಕ್ಕೆ ಸೆಳೆಯಲು ಎರಡು ಹಾದಿಗಳಿವೆ. ಮೊದಲನೆಯದು ಪಿಎನ್‌ಪಿ ಟ್ರಾನ್ಸಿಸ್ಟರ್. ಎರಡನೆಯದು ಔಟ್‌ಪುಟ್ ಮತ್ತು ಋಣ ಪೂರೈಕೆಯ ನಡುವೆ ಇರುವ, ಸುಮಾರು 50 ಮೈಕ್ರೊಆಂಪಿಯರ್‌ನ ಸಣ್ಣ ಸ್ಥಿರಪ್ರವಾಹ ಮಂಡಲ. 15 ವೋಲ್ಟ್ ಪೂರೈಕೆಯಲ್ಲಿ ಔಟ್‌ಪುಟ್ 2 ವೋಲ್ಟ್ ಇದ್ದಾಗ ಸಿಂಕ್ ಪ್ರವಾಹವು ಮಾದರಿಯಾಗಿ 20 ಮಿಲಿಆಂಪಿಯರ್, ಕನಿಷ್ಠ ಖಾತರಿ 10 ಮಿಲಿಆಂಪಿಯರ್. ಔಟ್‌ಪುಟ್ 0.2 ವೋಲ್ಟ್ ಇದ್ದಾಗ ಅದು ಮಾದರಿಯಾಗಿ 50 ಮೈಕ್ರೊಆಂಪಿಯರ್, ಕನಿಷ್ಠ ಖಾತರಿ 12 ಮೈಕ್ರೊಆಂಪಿಯರ್ ಮಾತ್ರ.

ಇದನ್ನು ಜಲಾಶಯದ ತೂಬಿಗೆ ಹೋಲಿಸಬಹುದು. ತೂಬು ತಳದಿಂದ ಸ್ವಲ್ಪ ಎತ್ತರದಲ್ಲಿರುತ್ತದೆ. ನೀರು ತೂಬಿನ ಮಟ್ಟಕ್ಕಿಂತ ಮೇಲಿರುವವರೆಗೆ ರಭಸದಿಂದ ಹೊರಹರಿಯುತ್ತದೆ. ಮಟ್ಟವು ತೂಬಿಗಿಂತ ಕೆಳಗಿಳಿದ ಮೇಲೆ ತೂಬನ್ನು ಎಷ್ಟು ತೆರೆದರೂ ಪ್ರಯೋಜನವಿಲ್ಲ. ಉಳಿದ ನೀರು ತಳದ ಸಣ್ಣ ಬಿರುಕಿನಿಂದ ಜಿನುಗಿ ಇಳಿಯಬೇಕು. ಎಲ್‌ಎಂ358ರಲ್ಲಿ 0.7 ವೋಲ್ಟ್‌ನ ಮಟ್ಟವು ತೂಬಿನ ಎತ್ತರ, 50 ಮೈಕ್ರೊಆಂಪಿಯರ್ ಆ ಜಿನುಗು.

### ಶೂನ್ಯಕ್ಕೆ ಇಳಿಯದ ಔಟ್‌ಪುಟ್

5 ವೋಲ್ಟ್ ಪೂರೈಕೆಯ ಎಲ್‌ಎಂ358ರ ಔಟ್‌ಪುಟ್ ತುದಿಯಿಂದ ಧನ ಪೂರೈಕೆಗೆ 10 ಕಿಲೋಓಮ್ ರೋಧಕವನ್ನು ಜೋಡಿಸಲಾಗಿದೆ ಎಂದಿಟ್ಟುಕೊಳ್ಳೋಣ. ಔಟ್‌ಪುಟ್ 0.2 ವೋಲ್ಟ್‌ಗೆ ಇಳಿಯಬೇಕಾದರೆ (5 − 0.2) ÷ 10,000 = 0.48 ಮಿಲಿಆಂಪಿಯರ್ ಸೆಳೆಯಬೇಕು. ಇದು 50 ಮೈಕ್ರೊಆಂಪಿಯರ್‌ನ ಸುಮಾರು ಹತ್ತು ಪಟ್ಟು. ಔಟ್‌ಪುಟ್ 0.2 ವೋಲ್ಟ್ ತಲುಪದೆ 0.6 ವೋಲ್ಟ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಈ ಔಟ್‌ಪುಟ್ಟನ್ನು 5 ವೋಲ್ಟ್ ಆಧಾರವುಳ್ಳ 10 ಬಿಟ್‌ನ ಅನಲಾಗ್-ಡಿಜಿಟಲ್ ಪರಿವರ್ತಕವು ಓದಿದರೆ, ಶೂನ್ಯ ಬರಬೇಕಾದಲ್ಲಿ ಸುಮಾರು 123 ಎಂಬ ಸಂಖ್ಯೆ ಬರುತ್ತದೆ. ಅಂದರೆ ಅಳತೆಯ ವ್ಯಾಪ್ತಿಯ ಶೇಕಡಾ 12ರಷ್ಟು ಭಾಗ ಕಳೆದುಹೋದಂತಾಯಿತು. ತೂಕ, ಬೆಳಕು, ತೇವಾಂಶ ಮುಂತಾದವನ್ನು ಅಳೆಯುವ ಸಲಕರಣೆಗಳಲ್ಲಿ ಇಂತಹ ದೋಷವನ್ನು ಸಂವೇದಕದ ದೋಷವೆಂದೋ ಪ್ರೋಗ್ರಾಮಿನ ದೋಷವೆಂದೋ ಭಾವಿಸುವುದು ಸುಲಭ. ಔಟ್‌ಪುಟ್ ವೋಲ್ಟೇಜು 0.5ರಿಂದ 0.8 ವೋಲ್ಟ್‌ಗಳ ನಡುವೆ ಅಂಟಿಕೊಂಡಂತೆ ನಿಂತಿದ್ದರೆ ಮೊದಲು ಸಂಶಯಿಸಬೇಕಾದುದು ಸಿಂಕ್ ಮಿತಿಯನ್ನು.

ಈ ಮಂಡಲದಲ್ಲಿ ಔಟ್‌ಪುಟ್ 0.2 ವೋಲ್ಟ್‌ಗೆ ಇಳಿಯಬೇಕಾದರೆ ಧನ ಪೂರೈಕೆಗೆ ಜೋಡಿಸಿದ ರೋಧಕವು ಮಾದರಿ ಬಿಡಿಭಾಗಕ್ಕೆ 96 ಕಿಲೋಓಮ್‌ಗಿಂತಲೂ, ಕನಿಷ್ಠ ಖಾತರಿಯನ್ನು ಪರಿಗಣಿಸಿದರೆ 400 ಕಿಲೋಓಮ್‌ಗಿಂತಲೂ ಕಡಿಮೆ ಇರಬಾರದು.

### ಫೀಡ್‌ಬ್ಯಾಕ್ ರೋಧಕದ ಪ್ರವಾಹ

ಹೊರಗಿನ ಲೋಡ್ ಇಲ್ಲದಿದ್ದರೂ ಸಿಂಕ್ ಮಿತಿ ತೊಂದರೆ ಕೊಡಬಲ್ಲದು. ಫೀಡ್‌ಬ್ಯಾಕ್ ರೋಧಕದಲ್ಲಿ ಹರಿಯುವ ಪ್ರವಾಹವನ್ನೂ ಔಟ್‌ಪುಟ್ ತುದಿಯೇ ಸೆಳೆಯಬೇಕು ಎಂಬುದನ್ನು ಮರೆಯುವುದು ಇದಕ್ಕೆ ಕಾರಣ.

2.5 ವೋಲ್ಟ್ ಆಧಾರಬಿಂದುವಿನ ಸುತ್ತ ಕೆಲಸ ಮಾಡುವ, ಒಂದು ಪಟ್ಟು ವರ್ಧನೆಯ ವಿಲೋಮ ವರ್ಧಕದಲ್ಲಿ ಎರಡೂ ರೋಧಕಗಳು 10 ಕಿಲೋಓಮ್ ಇವೆ. ಇನ್‌ಪುಟ್ 5 ವೋಲ್ಟ್ ಆದಾಗ ಔಟ್‌ಪುಟ್ ಶೂನ್ಯಕ್ಕೆ ಬರಬೇಕು. ಆಗ ಎರಡೂ ರೋಧಕಗಳ ಮೂಲಕ (5 − 2.5) ÷ 10,000 = 0.25 ಮಿಲಿಆಂಪಿಯರ್ ಹರಿದು ಔಟ್‌ಪುಟ್ ತುದಿಯನ್ನು ಸೇರುತ್ತದೆ. ಇದು 50 ಮೈಕ್ರೊಆಂಪಿಯರ್‌ನ ಐದು ಪಟ್ಟು. ಎರಡೂ ರೋಧಕಗಳನ್ನು 100 ಕಿಲೋಓಮ್‌ಗೆ ಏರಿಸಿದರೆ ಪ್ರವಾಹವು 25 ಮೈಕ್ರೊಆಂಪಿಯರ್‌ಗೆ ಇಳಿದು ಮಾದರಿ ಬಿಡಿಭಾಗದಲ್ಲಿ ಮಂಡಲವು ಸರಿಯಾಗಿ ಕೆಲಸ ಮಾಡುತ್ತದೆ. ಆದರೂ ಅದು 12 ಮೈಕ್ರೊಆಂಪಿಯರ್‌ನ ಖಾತರಿಯನ್ನು ಮೀರಿದೆ. ಒಂದು ಬಿಡಿಭಾಗದಲ್ಲಿ ಯಶಸ್ವಿಯಾದ ಪ್ರಯೋಗವು ಮತ್ತೊಂದರಲ್ಲಿ ವಿಫಲವಾಗುವುದು ಹೀಗೆ.

ಇದಕ್ಕೆ ವ್ಯತಿರಿಕ್ತವಾಗಿ, ಅವಿಲೋಮ ವರ್ಧಕದ ಫೀಡ್‌ಬ್ಯಾಕ್ ರೋಧಕಗಳ ಸರಣಿಯು ಔಟ್‌ಪುಟ್‌ನಿಂದ ಭೂತಂತಿಗೆ ಇಳಿಯುವುದರಿಂದ ಅದು ಔಟ್‌ಪುಟ್ಟನ್ನು ಕೆಳಕ್ಕೆಳೆಯಲು ನೆರವಾಗುತ್ತದೆ. ಲೋಡ್ ಭೂತಂತಿಗೆ ಸೇರಿರುವಾಗ ಎಲ್‌ಎಂ358ರ ಔಟ್‌ಪುಟ್ ಶೂನ್ಯದಿಂದ ಕೆಲವೇ ಮಿಲಿವೋಲ್ಟ್ ದೂರದವರೆಗೆ ಇಳಿಯಬಲ್ಲದು. ಡೇಟಾಶೀಟಿನಲ್ಲಿ ಕಾಣುವ 5 ಮಿಲಿವೋಲ್ಟ್ ಎಂಬ ಕನಿಷ್ಠ ಔಟ್‌ಪುಟ್ ಅಂತಹ ಜೋಡಣೆಗೆ ಸಂಬಂಧಿಸಿದ್ದು. ಧನ ಪೂರೈಕೆಗೆ ಸೇರಿದ ಲೋಡಿಗೆ ಅದು ಅನ್ವಯಿಸುವುದಿಲ್ಲ.

### ಕ್ರಾಸ್‌ಓವರ್ ವಿರೂಪ

ಎಲ್‌ಎಂ358ರಲ್ಲಿ ಸೋರ್ಸ್‌ನಿಂದ ಸಿಂಕ್‌ಗೆ ಬದಲಾಗುವಾಗ ಎರಡೂ ಟ್ರಾನ್ಸಿಸ್ಟರ್‌ಗಳು ಕ್ಷಣಕಾಲ ನಿಷ್ಕ್ರಿಯವಾಗಿರುತ್ತವೆ. ಧ್ವನಿ ಸಂಕೇತದಲ್ಲಿ ಇದು ಅಲೆಯ ಮೇಲೆ ಸಣ್ಣ ಮೆಟ್ಟಿಲಿನಂತೆ ಕಾಣಿಸುತ್ತದೆ. ಲೋಡನ್ನು ಕೆಪಾಸಿಟರ್ ಮೂಲಕ ಜೋಡಿಸಿದಾಗ ಔಟ್‌ಪುಟ್‌ನಿಂದ ಭೂತಂತಿಗೆ ಒಂದು ರೋಧಕವನ್ನು ಸೇರಿಸುವಂತೆ ತಯಾರಕರು ಸೂಚಿಸುತ್ತಾರೆ. ಸಿಂಕ್‌ನ ಕೆಲಸವನ್ನು ಆ ರೋಧಕವೇ ವಹಿಸಿಕೊಳ್ಳುವುದರಿಂದ ಮೇಲಿನ ಟ್ರಾನ್ಸಿಸ್ಟರ್ ಸದಾ ಸಕ್ರಿಯವಾಗಿದ್ದು ವಿರೂಪ ನಿವಾರಣೆಯಾಗುತ್ತದೆ.

## ಕೆಲವು ಬಿಡಿಭಾಗಗಳ ಹೋಲಿಕೆ

| ಬಿಡಿಭಾಗ | ಬಗೆ | ಔಟ್‌ಪುಟ್ ಪ್ರವಾಹ |
|---|---|---|
| 741 | ಬೈಪೋಲಾರ್, ಎರಡು ಪೂರೈಕೆ | ಶಾರ್ಟ್ ಸರ್ಕ್ಯೂಟ್ ಪ್ರವಾಹ ಮಾದರಿಯಾಗಿ 25 ಮಿಲಿಆಂಪಿಯರ್ |
| ಎಲ್‌ಎಂ358, ಎಲ್‌ಎಂ324 | ಬೈಪೋಲಾರ್, ಒಂದು ಪೂರೈಕೆ | ಸೋರ್ಸ್ ಮಾದರಿಯಾಗಿ 40 ಮಿಲಿಆಂಪಿಯರ್. ಸಿಂಕ್ 2 ವೋಲ್ಟ್‌ನಲ್ಲಿ 20 ಮಿಲಿಆಂಪಿಯರ್, 0.2 ವೋಲ್ಟ್‌ನಲ್ಲಿ 50 ಮೈಕ್ರೊಆಂಪಿಯರ್ |
| ಎನ್‌ಇ5532 | ಬೈಪೋಲಾರ್, ಧ್ವನಿ ಬಳಕೆಗೆ | ಶಾರ್ಟ್ ಸರ್ಕ್ಯೂಟ್ ಪ್ರವಾಹ ಮಾದರಿಯಾಗಿ 38 ಮಿಲಿಆಂಪಿಯರ್ |
| ಎಂಸಿಪಿ6001 | ಸಿಮಾಸ್, ರೈಲ್-ಟು-ರೈಲ್ | 5.5 ವೋಲ್ಟ್ ಪೂರೈಕೆಯಲ್ಲಿ 23, 1.8 ವೋಲ್ಟ್ ಪೂರೈಕೆಯಲ್ಲಿ 6 ಮಿಲಿಆಂಪಿಯರ್ |
| ಎಲ್‌ಎಂ675 | ಪವರ್ ಆಪ್-ಆಂಪ್ | 3 ಆಂಪಿಯರ್ |

ಎಲ್‌ಎಂ393 ಆಪ್-ಆಂಪ್ ಅಲ್ಲ, ಕಂಪ್ಯಾರೇಟರ್. ಆದರೂ ಹೋಲಿಕೆಗೆ ಉಪಯುಕ್ತ. ಅದರ ಔಟ್‌ಪುಟ್‌ನಲ್ಲಿ ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಕಲೆಕ್ಟರ್ ಮಾತ್ರ ಇರುವುದರಿಂದ ಅದು ಪ್ರವಾಹವನ್ನು ಸೆಳೆಯಬಲ್ಲದೇ ಹೊರತು ನೀಡಲಾರದು. 4 ಮಿಲಿಆಂಪಿಯರ್ ಸೆಳೆಯುವಾಗ ಅದರ ಔಟ್‌ಪುಟ್ ಮಾದರಿಯಾಗಿ 0.25 ವೋಲ್ಟ್‌ನಲ್ಲಿರುತ್ತದೆ. ಎಲ್‌ಎಂ358ಕ್ಕೆ ಆ ಮಟ್ಟದಲ್ಲಿ ಇದು ಅಸಾಧ್ಯ.

## ಡೇಟಾಶೀಟ್ ಓದುವ ಕ್ರಮ

ಶಾರ್ಟ್ ಸರ್ಕ್ಯೂಟ್ ಪ್ರವಾಹವೆಂಬುದು ಬಳಕೆಗೆ ದೊರೆಯುವ ಪ್ರವಾಹವಲ್ಲ. ಅದು ಔಟ್‌ಪುಟ್ ವೋಲ್ಟೇಜಿನ ಮೇಲಿನ ಹಿಡಿತ ಸಂಪೂರ್ಣ ತಪ್ಪಿದ ಸ್ಥಿತಿಯಲ್ಲಿ ಅಳೆದ ಸಂಖ್ಯೆ. ನಿಖರತೆ ಬೇಕಾದ ಮಂಡಲಗಳಲ್ಲಿ ಅದರ ಒಂದು ಸಣ್ಣ ಭಾಗವನ್ನು ಮಾತ್ರ ಬಳಸುವುದು ವಾಡಿಕೆ.

ಡೇಟಾಶೀಟಿನಲ್ಲಿ ಗಮನಿಸಬೇಕಾದ ಅಂಶಗಳು ಇವು:

# ಸಿಂಕ್ ಮತ್ತು ಸೋರ್ಸ್ ಸಂಖ್ಯೆಗಳನ್ನು ಪ್ರತ್ಯೇಕವಾಗಿ ನೀಡಲಾಗಿದೆಯೇ ಎಂಬುದು.
# ಆ ಸಂಖ್ಯೆಯನ್ನು ಯಾವ ಔಟ್‌ಪುಟ್ ವೋಲ್ಟೇಜಿನಲ್ಲಿ, ಯಾವ ಪೂರೈಕೆಯಲ್ಲಿ ಅಳೆಯಲಾಗಿದೆ ಎಂಬುದು.
# ಅದು ಮಾದರಿ ಸಂಖ್ಯೆಯೋ ಕನಿಷ್ಠ ಖಾತರಿಯೋ ಎಂಬುದು. ವಿನ್ಯಾಸಕ್ಕೆ ಕನಿಷ್ಠ ಖಾತರಿಯೇ ಆಧಾರ.
# ಸಿಂಕ್ ಪ್ರವಾಹಕ್ಕೆ ಎದುರಾಗಿ ಔಟ್‌ಪುಟ್ ವೋಲ್ಟೇಜನ್ನು ತೋರಿಸುವ ನಕ್ಷೆ. ಪಟ್ಟಿಯಲ್ಲಿ ಕಾಣದ ಬಾಗು ಈ ನಕ್ಷೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.
# ಶಾರ್ಟ್ ಸರ್ಕ್ಯೂಟ್ ರಕ್ಷಣೆ ಎರಡೂ ದಿಕ್ಕಿಗೆ ಇದೆಯೇ ಎಂಬುದು.

ಕೊನೆಯ ಅಂಶವು ಸುರಕ್ಷತೆಗೆ ಸಂಬಂಧಿಸಿದ್ದು. ಎಲ್‌ಎಂ358ರಲ್ಲಿ ಔಟ್‌ಪುಟ್ ಭೂತಂತಿಗೆ ತಗುಲಿದರೆ ಪ್ರವಾಹವು ಸುಮಾರು 40 ಮಿಲಿಆಂಪಿಯರ್‌ಗೆ ಸೀಮಿತವಾಗುತ್ತದೆ. ಆದರೆ ಔಟ್‌ಪುಟ್ ಧನ ಪೂರೈಕೆಗೆ ತಗುಲಿದರೆ ಅತಿಯಾಗಿ ಕಾದು ಬಿಡಿಭಾಗವೇ ನಾಶವಾಗಬಹುದೆಂದು ತಯಾರಕರು ಎಚ್ಚರಿಸಿದ್ದಾರೆ. ರಕ್ಷಣೆಯು ಸೋರ್ಸ್ ದಿಕ್ಕಿಗೆ ಮಾತ್ರ ಇರುವುದು ಇದಕ್ಕೆ ಕಾರಣ.

## ಉಷ್ಣ ಮತ್ತು ಶಕ್ತಿವ್ಯಯ

ಸಿಂಕ್ ಮಾಡುವಾಗ ಆಪ್-ಆಂಪ್‌ನ ಒಳಗೆ ವ್ಯಯವಾಗುವ ಶಕ್ತಿಯು ಔಟ್‌ಪುಟ್ ಮತ್ತು ಋಣ ಪೂರೈಕೆಯ ನಡುವಿನ ವೋಲ್ಟೇಜ್ ಹಾಗೂ ಸಿಂಕ್ ಪ್ರವಾಹ ಇವುಗಳ ಗುಣಲಬ್ಧಕ್ಕೆ ಸಮ. ಔಟ್‌ಪುಟ್ 1 ವೋಲ್ಟ್‌ನಲ್ಲಿದ್ದು 20 ಮಿಲಿಆಂಪಿಯರ್ ಸೆಳೆದರೆ ಒಳಗಿನ ವ್ಯಯವು 20 ಮಿಲಿವಾಟ್ ಮಾತ್ರ. ಉಳಿದ ಶಕ್ತಿ ಹೊರಗಿನ ಲೋಡಿನಲ್ಲಿ ವ್ಯಯವಾಗುತ್ತದೆ. ಅದೇ 20 ಮಿಲಿಆಂಪಿಯರನ್ನು 24 ವೋಲ್ಟ್ ಪೂರೈಕೆಗೆ ನೇರವಾಗಿ ತಗುಲಿದ ಔಟ್‌ಪುಟ್‌ನಿಂದ ಸೆಳೆದರೆ 480 ಮಿಲಿವಾಟ್ ಒಳಗೇ ವ್ಯಯವಾಗುತ್ತದೆ. ಹೀಗೆ ಸಿಂಕ್ ಮಾಡುವಾಗ ಔಟ್‌ಪುಟ್ ಎತ್ತರದಲ್ಲಿದ್ದಷ್ಟೂ ಬಿಲ್ಲೆ ಹೆಚ್ಚು ಕಾಯುತ್ತದೆ. ಔಟ್‌ಪುಟ್ ತಗ್ಗಿನಲ್ಲಿದ್ದಾಗ ಉಷ್ಣದ ಭಯ ಕಡಿಮೆ, ಆದರೆ ವೋಲ್ಟೇಜಿನ ಅಂತರದ ಕೊರತೆ ಎದುರಾಗುತ್ತದೆ.

ಎಂಟು ಪಾದಗಳ ಪ್ಲಾಸ್ಟಿಕ್ ಕವಚದ 741ರ ಉಷ್ಣರೋಧವು ಪ್ರತಿ ವಾಟ್‌ಗೆ ಸುಮಾರು 100 ಡಿಗ್ರಿ ಸೆಲ್ಸಿಯಸ್. ಧನ ಮತ್ತು ಋಣ 15 ವೋಲ್ಟ್ ಪೂರೈಕೆಯಲ್ಲಿ ಔಟ್‌ಪುಟ್ ಭೂತಂತಿಗೆ ತಗುಲಿ 25 ಮಿಲಿಆಂಪಿಯರ್ ಹರಿದರೆ 375 ಮಿಲಿವಾಟ್ ವ್ಯಯವಾಗಿ, ಬಿಲ್ಲೆಯ ಉಷ್ಣತೆಯು ಸುಮಾರು 37 ಡಿಗ್ರಿ ಏರುತ್ತದೆ.

## ಮಿತಿ ಮೀರಿದಾಗ ಉಂಟಾಗುವ ಪರಿಣಾಮಗಳು

ಋಣ ಫೀಡ್‌ಬ್ಯಾಕ್ ಇರುವ ಆಪ್-ಆಂಪ್ ತನ್ನ ಎರಡು ಇನ್‌ಪುಟ್‌ಗಳನ್ನು ಸಮವಾಗಿಡಲು ಯತ್ನಿಸುತ್ತದೆ. ಬೇಕಾದ ಪ್ರವಾಹವನ್ನು ಸೆಳೆಯಲಾಗದಿದ್ದಾಗ ಈ ನಿಯಂತ್ರಣ ತಪ್ಪುತ್ತದೆ. ಎರಡು ಇನ್‌ಪುಟ್‌ಗಳ ನಡುವೆ ವ್ಯತ್ಯಾಸ ಉಂಟಾಗುತ್ತದೆ. ಬಹುಮಾಪಕದಿಂದ ಎರಡೂ ಇನ್‌ಪುಟ್‌ಗಳ ವೋಲ್ಟೇಜನ್ನು ಅಳೆದು ಹೋಲಿಸುವುದು ದೋಷವನ್ನು ಪತ್ತೆಹಚ್ಚುವ ಸರಳ ಉಪಾಯ.

ಪರ್ಯಾಯ ಸಂಕೇತದಲ್ಲಿ ಅಲೆಯ ಕೆಳಗಿನ ಭಾಗ ಮಾತ್ರ ಕತ್ತರಿಸಿದಂತಾಗುತ್ತದೆ. ಮೇಲಿನ ಭಾಗ ಸರಿಯಿದ್ದು ಕೆಳಗಿನ ಭಾಗ ಚಪ್ಪಟೆಯಾಗಿದ್ದರೆ ಸಿಂಕ್ ಮಿತಿ ಮೀರಿರುವ ಸಾಧ್ಯತೆ ಹೆಚ್ಚು. ಕೆಪಾಸಿಟರ್ ಲೋಡ್ ಇದ್ದಾಗ ವೋಲ್ಟೇಜ್ ಇಳಿಯುವ ವೇಗವು ಸಿಂಕ್ ಪ್ರವಾಹವನ್ನು ಕೆಪಾಸಿಟರ್‌ನ ಧಾರಕತೆಯಿಂದ ಭಾಗಿಸಿದಷ್ಟಕ್ಕೆ ಸೀಮಿತವಾಗುತ್ತದೆ. 50 ಮೈಕ್ರೊಆಂಪಿಯರ್ ಪ್ರವಾಹವು 1 ಮೈಕ್ರೊಫ್ಯಾರಡ್ ಕೆಪಾಸಿಟರನ್ನು ಸೆಕೆಂಡಿಗೆ 50 ವೋಲ್ಟ್ ವೇಗದಲ್ಲಿ ಮಾತ್ರ ಇಳಿಸಬಲ್ಲದು, ಕೊನೆಯ 0.5 ವೋಲ್ಟ್ ಇಳಿಯಲು 10 ಮಿಲಿಸೆಕೆಂಡ್ ಬೇಕಾಗುತ್ತದೆ.

## ಮಿತಿಯನ್ನು ನಿಭಾಯಿಸುವ ವಿಧಾನಗಳು

ಲೋಡಿನ ಮರುಜೋಡಣೆ. ಸಾಧ್ಯವಿದ್ದಲ್ಲಿ ಲೋಡನ್ನು ಧನ ಪೂರೈಕೆಯ ಬದಲು ಭೂತಂತಿಗೆ ಸೇರಿಸಿದರೆ ಸಿಂಕ್‌ನ ಅಗತ್ಯವೇ ಇರುವುದಿಲ್ಲ. ಇದು ವೆಚ್ಚವಿಲ್ಲದ ಪರಿಹಾರ.

ಭೂತಂತಿಗೆ ರೋಧಕ. ಔಟ್‌ಪುಟ್‌ನಿಂದ ಭೂತಂತಿಗೆ ಜೋಡಿಸಿದ ರೋಧಕವು ಪ್ರವಾಹದ ಒಂದು ಭಾಗವನ್ನು ಹೊರುತ್ತದೆ. ಆದರೆ ಶೂನ್ಯದ ಸಮೀಪ ಅದರ ಶಕ್ತಿಯೂ ಕುಗ್ಗುತ್ತದೆ. ಮೇಲಿನ 10 ಕಿಲೋಓಮ್ ಉದಾಹರಣೆಯಲ್ಲಿ 0.2 ವೋಲ್ಟ್ ಪಡೆಯಲು ಉಳಿದ 0.43 ಮಿಲಿಆಂಪಿಯರನ್ನು ರೋಧಕ ಹೊರಬೇಕು. ಅದಕ್ಕೆ ಸುಮಾರು 460 ಓಮ್ ಬೇಕು. ಔಟ್‌ಪುಟ್ 3 ವೋಲ್ಟ್‌ಗೆ ಏರಿದಾಗ ಅದೇ ರೋಧಕ ವ್ಯರ್ಥವಾಗಿ ಸುಮಾರು 6.5 ಮಿಲಿಆಂಪಿಯರ್ ಬಳಸುತ್ತದೆ.

ಬೇರೆ ಆಪ್-ಆಂಪ್. ಕಡಿಮೆ ವೋಲ್ಟೇಜಿನ ಮಂಡಲಗಳಲ್ಲಿ ಸಿಮಾಸ್ ರೈಲ್-ಟು-ರೈಲ್ ಆಪ್-ಆಂಪನ್ನು ಬಳಸುವುದು ಇಂದು ಸಾಮಾನ್ಯ ಪರಿಹಾರ. ಆದರೆ ಎಂಸಿಪಿ6001ರಂತಹವು 6 ವೋಲ್ಟ್‌ವರೆಗೆ ಮಾತ್ರ ಕೆಲಸ ಮಾಡುತ್ತವೆ. ಎಲ್‌ಎಂ358ರಂತೆ 32 ವೋಲ್ಟ್‌ವರೆಗಿನ ಪೂರೈಕೆಯನ್ನು ಅವು ತಾಳಲಾರವು.

ಸಣ್ಣ ಋಣ ಪೂರೈಕೆ. ಋಣ ಪೂರೈಕೆ ತುದಿಯನ್ನು ಭೂತಂತಿಗಿಂತ 1 ಅಥವಾ 2 ವೋಲ್ಟ್ ಕೆಳಗಿರಿಸಿದರೆ 0.7 ವೋಲ್ಟ್‌ನ ತೊಡಕು ಶೂನ್ಯದ ಕೆಳಗೆ ಸರಿದುಹೋಗಿ, ಶೂನ್ಯದಲ್ಲಿಯೂ ಪೂರ್ಣ ಸಿಂಕ್ ಸಾಮರ್ಥ್ಯ ದೊರೆಯುತ್ತದೆ.

ಹೊರಗಿನ ಟ್ರಾನ್ಸಿಸ್ಟರ್. ಹೆಚ್ಚು ಪ್ರವಾಹ ಬೇಕಾದಾಗ ಅದನ್ನು ಹೊರಗಿನ ಎನ್‌ಪಿಎನ್ ಅಥವಾ ಎನ್-ಮಾಸ್ ಟ್ರಾನ್ಸಿಸ್ಟರ್‌ಗೆ ವಹಿಸಿ, ಆಪ್-ಆಂಪ್ ಅದರ ಬೇಸ್ ಅಥವಾ ಗೇಟನ್ನು ಮಾತ್ರ ನಿಯಂತ್ರಿಸುವಂತೆ ಮಾಡಲಾಗುತ್ತದೆ. ಪ್ರವಾಹ ವರ್ಧನೆ 100 ಇರುವ ಎನ್‌ಪಿಎನ್ ಟ್ರಾನ್ಸಿಸ್ಟರ್ 500 ಮಿಲಿಆಂಪಿಯರ್ ಸೆಳೆಯಲು ಆಪ್-ಆಂಪ್ ಕೇವಲ 5 ಮಿಲಿಆಂಪಿಯರ್ ನೀಡಿದರೆ ಸಾಕು. ಸ್ಥಿರಪ್ರವಾಹ ಮಂಡಲಗಳಲ್ಲಿ ಇದೇ ತತ್ವವಿದೆ: ಟ್ರಾನ್ಸಿಸ್ಟರ್‌ನ ಕೆಳಗೆ 1 ಓಮ್ ರೋಧಕವನ್ನಿಟ್ಟು, ಅದರ ವೋಲ್ಟೇಜನ್ನು 0.5 ವೋಲ್ಟ್ ಆಧಾರದೊಡನೆ ಆಪ್-ಆಂಪ್ ಹೋಲಿಸುತ್ತಿದ್ದರೆ ಲೋಡಿನ ಪ್ರವಾಹವು 0.5 ಆಂಪಿಯರ್‌ನಲ್ಲಿ ಸ್ಥಿರವಾಗುತ್ತದೆ.

ಪವರ್ ಆಪ್-ಆಂಪ್. ಸಣ್ಣ ಮೋಟರು, ಸ್ಪೀಕರು ಮುಂತಾದವುಗಳಿಗೆ ಎರಡೂ ದಿಕ್ಕಿನಲ್ಲಿ ಆಂಪಿಯರ್‌ಗಳಷ್ಟು ಪ್ರವಾಹ ಬೇಕಾದಾಗ ಎಲ್‌ಎಂ675, ಓಪಿಎ548 ಮುಂತಾದವನ್ನು ಉಷ್ಣಶೋಷಕದೊಡನೆ ಬಳಸುತ್ತಾರೆ.

## ಅಳೆಯುವ ವಿಧಾನ

ಸಿಂಕ್ ಮಿತಿಯನ್ನು ಶಾಲಾ ಪ್ರಯೋಗಾಲಯದಲ್ಲಿಯೂ ಅಳೆಯಬಹುದು. ಎಲ್‌ಎಂ358ಕ್ಕೆ 15 ವೋಲ್ಟ್ ಪೂರೈಕೆ ನೀಡಿ, ಔಟ್‌ಪುಟ್ಟನ್ನು ವಿಲೋಮ ಇನ್‌ಪುಟ್‌ಗೆ ನೇರವಾಗಿ ಸೇರಿಸಿ, ಇನ್ನೊಂದು ಇನ್‌ಪುಟ್‌ಗೆ 2 ವೋಲ್ಟ್ ಕೊಡಬೇಕು. ಔಟ್‌ಪುಟ್‌ನಿಂದ ಧನ ಪೂರೈಕೆಗೆ 100 ಓಮ್‌ನ ಸ್ಥಿರ ರೋಧಕ, 220 ಓಮ್‌ನ ಅರ್ಧ ವಾಟ್ ರೋಧಕ ಹಾಗೂ 10 ಕಿಲೋಓಮ್‌ನ ಬದಲಾಯಿಸಬಲ್ಲ ರೋಧಕವನ್ನು ಸರಣಿಯಲ್ಲಿ ಜೋಡಿಸಬೇಕು. ಬದಲಾಯಿಸಬಲ್ಲ ರೋಧವನ್ನು ಗರಿಷ್ಠದಿಂದ ನಿಧಾನವಾಗಿ ಇಳಿಸುತ್ತಾ ಹೋದಂತೆ ಔಟ್‌ಪುಟ್ 2 ವೋಲ್ಟ್‌ನಲ್ಲೇ ಇರುತ್ತದೆ. ಒಂದು ಹಂತದಲ್ಲಿ ಅದು ಮೇಲೇರತೊಡಗುತ್ತದೆ. ಆ ಕ್ಷಣದಲ್ಲಿ 100 ಓಮ್ ರೋಧಕದ ಮೇಲಿನ ವೋಲ್ಟೇಜು 2 ವೋಲ್ಟ್ ಇದ್ದರೆ ಮಿತಿಯು 20 ಮಿಲಿಆಂಪಿಯರ್. ಬಿಲ್ಲೆ ಕಾಯದಂತೆ ಮಾಪನವನ್ನು ಬೇಗನೆ ಮುಗಿಸಬೇಕು.

ನಂತರ ಇನ್‌ಪುಟ್ಟನ್ನು 0.2 ವೋಲ್ಟ್‌ಗೆ ಇಳಿಸಿ, 10 ಕಿಲೋಓಮ್ ಸ್ಥಿರ ರೋಧಕ ಹಾಗೂ 1 ಮೆಗಾಓಮ್ ಬದಲಾಯಿಸಬಲ್ಲ ರೋಧಕದೊಡನೆ ಪ್ರಯೋಗವನ್ನು ಪುನರಾವರ್ತಿಸಬೇಕು. ಈಗ ಸ್ಥಿರ ರೋಧಕದ ಮೇಲೆ ಸುಮಾರು 0.5 ವೋಲ್ಟ್, ಅಂದರೆ 50 ಮೈಕ್ರೊಆಂಪಿಯರ್ ತಲುಪುವಾಗಲೇ ಔಟ್‌ಪುಟ್ ಮೇಲೇರತೊಡಗುತ್ತದೆ. ಎರಡು ಫಲಿತಾಂಶಗಳನ್ನು ಅಕ್ಕಪಕ್ಕದಲ್ಲಿ ಬರೆದರೆ, ಔಟ್‌ಪುಟ್ ವೋಲ್ಟೇಜನ್ನು ಹೇಳದೆ ಸಿಂಕ್ ಪ್ರವಾಹದ ಮಿತಿಯನ್ನು ಹೇಳುವುದು ಅಪೂರ್ಣವೆಂಬುದು ವ್ಯಕ್ತವಾಗುತ್ತದೆ.

## ಇವನ್ನೂ ನೋಡಿ

* ಆಪರೇಷನಲ್ ಆಂಪ್ಲಿಫೈಯರ್
* ಟ್ರಾನ್ಸಿಸ್ಟರ್
* ಕಂಪ್ಯಾರೇಟರ್
* ಓಮ್‌ನ ನಿಯಮ